ತಂಬೂರಿಯ ದಂಡಿ ಬಾಗುವುದೇಕೆ?

ರೇಡಿಯೋದಲ್ಲಿ ಗಾಯನ ಆರಂಭವಾಗುವ ಮುನ್ನ, ಕಲಾವಿದರ ಹೆಸರನ್ನೂ ರಾಗದ ಹೆಸರನ್ನೂ ಹೇಳಿ ಮುಗಿಸಿದೊಡನೆ, ಕೆಲವು ಕ್ಷಣ ಬರಿಯ ತಂಬೂರಿಯ ನಾದವೊಂದೇ ಕೇಳಿಬರುವುದನ್ನು ನೀವು ಗಮನಿಸಿರಬಹುದು. ನಮ್ಮಲ್ಲಿ ಅನೇಕರು ಆ ಹೊತ್ತಿನಲ್ಲಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತೇವೆ, ಇಲ್ಲವೆ ಮಕ್ಕಳನ್ನು ಸುಮ್ಮನಿರಿಸುತ್ತೇವೆ. ಹಾಡು ಇನ್ನೂ ಆರಂಭವಾಗಿಲ್ಲವೆಂದೇ ನಮ್ಮ ಭಾವನೆ. ಮುಂದಿನ ಸಲ ಹಾಗೆ ಮಾಡದೆ ಆ ನಾದಕ್ಕೇ ಕಿವಿಗೊಟ್ಟು ನೋಡಿ. ನಾಲ್ಕೇ ನಾಲ್ಕು ತಂತಿಗಳು. ಆದರೆ ಆ ನಾಲ್ಕು ತಂತಿಗಳ ಹಿಂದೆ ನಿಮಗೆ ಕೇಳಿಸದ ಒಂದು ಜಗ್ಗಾಟ ಹಗಲಿರುಳೂ ನಡೆದಿರುತ್ತದೆ. ತಂತಿಗಳು ದಂಡಿಯನ್ನು ಮುಂದಕ್ಕೆ ಎಳೆಯುತ್ತಿರುತ್ತವೆ; ದಂಡಿ ಬೆನ್ನು ಬಾಗಿಸದೆ ತಡೆದು ನಿಂತಿರುತ್ತದೆ. ಈ ಜಗ್ಗಾಟದಲ್ಲಿ ದಂಡಿ ಸೋತರೆ ನಾದವೂ ಸೋಲುತ್ತದೆ.

ಈ ಮಾತು ನನಗೆ ಮನದಟ್ಟಾದದ್ದು ಪುಸ್ತಕದಿಂದಲ್ಲ. ಸಿಂದಗಿ ಸೀಮೆಯ ಯಂಕಂಚಿಯಲ್ಲಿ ಪರಿಚಯದ ಒಂದು ಮನೆಗೆ ಹೋಗಿದ್ದೆ. ಆ ಮನೆಯಲ್ಲಿ ಅಜ್ಜನ ಕಾಲದಲ್ಲಿ ಮಿರಜದಿಂದ ತಂದ ಒಂದು ತಂಬೂರಿ ಇತ್ತು. ಅಜ್ಜನ ಕಂಠ ತಗ್ಗಿನದು. ಹಾರ್ಮೋನಿಯಂನ ಕರಿ ಒಂದರ ಶ್ರುತಿಗೆ ವಚನಗಳನ್ನೂ ತತ್ವಪದಗಳನ್ನೂ ಹೇಳುತ್ತಿದ್ದರಂತೆ. ಅವರ ತರುವಾಯ ಮೊಮ್ಮಗ ಹಾಡಲಾರಂಭಿಸಿದ. ಅವನ ಧ್ವನಿ ಏರಿನದು. ತಂಬೂರಿಯನ್ನು ಕರಿ ಎರಡಕ್ಕೆ ಏರಿಸಿದರು. ಏರಿಸಿದ ಕೆಲವೇ ದಿನಗಳಲ್ಲಿ ಪಂಚಮದ ಹಿತ್ತಾಳೆಯ ತಂತಿ ಪಟ್ಟನೆ ಹರಿಯಿತು. ಹೊಸದು ಹಾಕಿದರು, ಅದೂ ಹರಿಯಿತು.

ಮನೆಯ ಯಜಮಾನರು ನನಗೆ ಹೇಳಿದರು: "ಸಣ್ಣ ತಂತಿ ತಡೀಲಿಲ್ರಿ. ಅದಕ್ಕ ನಾಕೂ ದಪ್ಪನ್ನವು ತಂದು ಹಾಕಿದಿವಿ. ಗಟ್ಟಿ ಇರ್ತಾವ, ದನಿನೂ ದೊಡ್ಡದ ಬರ್ತದ ಅಂತ."

ದನಿ ಮೊದಮೊದಲು ದೊಡ್ಡದಾಗಿಯೇ ಬಂದಿತು. ಆದರೆ ಎರಡು ಬೇಸಿಗೆ, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ತಂಬೂರಿಯ ಜೀವ ಹೋಗಿತ್ತು. ನಾನು ನೋಡಿದಾಗ ದಂಡಿ ಮುಂದಕ್ಕೆ ತುಸು ಬಾಗಿತ್ತು. ದಂಡಿಯೂ ಬುರುಡೆಯೂ ಕೂಡುವ ಕತ್ತಿನ ಹಿಂಬದಿಯಲ್ಲಿ ಕೂದಲೆಳೆಯಷ್ಟು ಬಿರುಕು ಕಾಣುತ್ತಿತ್ತು. ತಂತಿ ಮೀಟಿದರೆ ಮರದ ಸದ್ದು ಬರುತ್ತಿತ್ತೇ ಹೊರತು ಝೇಂಕಾರವಿಲ್ಲ. ಇಷ್ಟಾದರೂ ಪಂಚಮದ ತಂತಿ ಹರಿಯುವುದು ನಿಂತಿರಲಿಲ್ಲ! ದಪ್ಪ ತಂತಿಯೂ ಹರಿಯುತ್ತಿತ್ತು. ಯಜಮಾನರಿಗೆ ಇದೇ ಒಗಟಾಗಿತ್ತು. ಅಜ್ಜನ ತಂಬೂರಿ ಉಳಿದೀತೆ ಎಂಬುದು ಅವರ ಚಿಂತೆ.

ಈ ಒಗಟನ್ನು ಬಿಡಿಸೋಣ. ಇದಕ್ಕೆ ಹೆಚ್ಚಿನ ಗಣಿತ ಬೇಡ.

ಮೊದಲು ತಂಬೂರಿಯ ಕಟ್ಟು ಹೇಗಿದೆ ನೋಡಿ. ಕೆಳಗೆ ಸೋರೆಯ ಬುರುಡೆ; ಅದರ ಬಾಯಿಗೆ ಮುಚ್ಚಿದ ತೆಳು ಹಲಗೆ, ಇದಕ್ಕೆ ತಬಲಿ ಎಂದು ಹೆಸರು; ತಬಲಿಯ ಮೇಲೆ ಕುದುರೆ; ಮೇಲಕ್ಕೆ ಉದ್ದನೆಯ ದಂಡಿ; ದಂಡಿಯ ತುದಿಯಲ್ಲಿ ಬಿರಡೆಗಳು. ಉತ್ತರಾದಿ ತಂಬೂರಿಯ ದಂಡಿ ಸಾಮಾನ್ಯವಾಗಿ ತುನ್ ಎಂಬ ಕೆಂಪು ಛಾಯೆಯ ಹಗುರ ಮರದ್ದು. ಅದು ಗಟ್ಟಿ ತೊಲೆಯಲ್ಲ. ಒಳಗೆ ಕೊರೆದು ಪೊಳ್ಳು ಮಾಡಿ, ಮುಂದಿನಿಂದ ಚಪ್ಪಟೆಯ ಪಟ್ಟಿಯೊಂದನ್ನು ಅಂಟಿಸಿ ಮುಚ್ಚಿರುತ್ತಾರೆ. ನಾದ ಒಳಗೆ ತುಂಬಬೇಕು, ವಾದ್ಯ ಹಗುರವಾಗಿರಬೇಕು ಎಂಬುದಕ್ಕಾಗಿ ಈ ಏರ್ಪಾಡು. ಆದರೆ ಪೊಳ್ಳು ದಂಡಿಗೆ ಹೊರುವ ಶಕ್ತಿಗೂ ಒಂದು ಮಿತಿ ಇದೆ.

ನಾಲ್ಕು ತಂತಿಗಳಲ್ಲಿ ಮೊದಲನೆಯದು ಪಂಚಮ, ನಡುವಿನ ಎರಡು ಜೋಡಿ ಷಡ್ಜ, ಕೊನೆಯದು ಖರ್ಜ, ಎಂದರೆ ಮಂದ್ರ ಷಡ್ಜ. ಗಂಡಸರ ಶ್ರುತಿಯ ತಂಬೂರಿಯಲ್ಲಿ ಜೋಡಿ ತಂತಿಗಳು ಉಕ್ಕಿನವು. ಖರ್ಜ ಹಿತ್ತಾಳೆಯದು ಅಥವಾ ಕಂಚಿನದು. ಪಂಚಮಕ್ಕೆ ಕೆಲವರು ಹಿತ್ತಾಳೆ, ಕೆಲವರು ಉಕ್ಕು ಹಾಕುತ್ತಾರೆ.

ತಂತಿಯ ದಪ್ಪವನ್ನು ಅಂಗಡಿಯಲ್ಲಿ ನಂಬರಿನಿಂದ ಹೇಳುತ್ತಾರಷ್ಟೆ. ಇಲ್ಲಿ ಹೊಸಬರು ಮೋಸಹೋಗುವುದುಂಟು. ನಂಬರು ಹೆಚ್ಚಾದಷ್ಟೂ ತಂತಿ ತೆಳುವು. ಅಕ್ಕಸಾಲಿಗರು ತೂತುಗಳ ಅಚ್ಚಿನಲ್ಲಿ ಬೆಳ್ಳಿಯ ತಂತಿಯನ್ನು ದೊಡ್ಡ ತೂತಿನಿಂದ ಸಣ್ಣ ತೂತಿಗೆ ಎಳೆಯುತ್ತ ಹೋಗುವುದನ್ನು ನೀವು ನೋಡಿರಬಹುದು. ಎಳೆತ ಹೆಚ್ಚಿದಷ್ಟೂ ತಂತಿ ಸಣ್ಣಗಾಗುತ್ತದೆ. ನಂಬರಿನ ಲೆಕ್ಕವೂ ಇದೇ ಬಗೆಯದು. ಇಂಗ್ಲೆಂಡಿನಲ್ಲಿ ೧೮೮೪ರಿಂದ ಕಾನೂನುಬದ್ಧವಾಗಿ ಜಾರಿಗೆ ಬಂದ ಅಳತೆಯ ಪ್ರಕಾರ ೩೦ನೆಯ ನಂಬರಿನ ತಂತಿ ೦.೩೧೫ ಮಿಲಿಮೀಟರು, ೨೮ನೆಯದು ೦.೩೭೬, ೨೬ನೆಯದು ೦.೪೫೭, ೨೨ನೆಯದು ೦.೭೧೧ ಮಿಲಿಮೀಟರು ದಪ್ಪ. ನೋಡುವ ಕಣ್ಣಿಗೆ ಇವುಗಳ ಅಂತರ ಅತ್ಯಲ್ಪ. ದಂಡಿಗೆ ಮಾತ್ರ ಅಲ್ಪವಲ್ಲ.

ಏಕೆಂಬುದನ್ನು ಫ್ರಾನ್ಸಿನ ಪಾದ್ರಿ ಮರ್ಸೆನ್ ಎಂಬವನು ೧೬೩೬ರಷ್ಟು ಹಿಂದೆಯೇ ಪ್ರಕಟಿಸಿದ ನಿಯಮಗಳಿಂದ ತಿಳಿಯಬಹುದು. ಅವುಗಳ ಸಾರ ಇಷ್ಟೆ. ತಂತಿ ಉದ್ದವಾದಷ್ಟೂ ಸ್ವರ ತಗ್ಗುತ್ತದೆ, ಭಾರವಾದಷ್ಟೂ ತಗ್ಗುತ್ತದೆ, ಬಿಗಿದಷ್ಟೂ ಏರುತ್ತದೆ. ಆದರೆ ಬಿಗಿಯ ಲೆಕ್ಕ ನೇರವಲ್ಲ. ಸ್ವರವನ್ನು ಎರಡರಷ್ಟು ಏರಿಸಬೇಕಾದರೆ, ಎಂದರೆ ಷಡ್ಜದಿಂದ ತಾರ ಷಡ್ಜಕ್ಕೆ ಒಯ್ಯಬೇಕಾದರೆ, ಸೆಳೆತವನ್ನು ನಾಲ್ಕರಷ್ಟು ಮಾಡಬೇಕು. ದಪ್ಪದ ಲೆಕ್ಕವೂ ಹಾಗೆಯೇ. ಎರಡರಷ್ಟು ದಪ್ಪದ ತಂತಿ ನಾಲ್ಕರಷ್ಟು ಭಾರ. ಅದನ್ನು ಅದೇ ಉದ್ದದಲ್ಲಿ ಅದೇ ಸ್ವರಕ್ಕೆ ತರಲು ನಾಲ್ಕರಷ್ಟು ಸೆಳೆತ ಬೇಕು.

ಈಗ ಯಂಕಂಚಿಯ ತಂಬೂರಿಯ ಲೆಕ್ಕ ಹಾಕೋಣ. ಅದರ ತಂತಿಯ ಮಿಡಿಯುವ ಭಾಗ, ಮೇಲಿನ ಪಟ್ಟಿಯಿಂದ ಕುದುರೆಯವರೆಗೆ, ಸುಮಾರು ೯೫ ಸೆಂಟಿಮೀಟರು. ಕರಿ ಒಂದರ ಷಡ್ಜವೆಂದರೆ ಸೆಕೆಂಡಿಗೆ ಸುಮಾರು ೧೩೯ ಕಂಪನ. ಅಜ್ಜನ ಕಾಲದಲ್ಲಿ ಜೋಡಿಗೆ ೩೦ನೆಯ ನಂಬರಿನ ಉಕ್ಕು, ಪಂಚಮಕ್ಕೆ ೨೬ರ ಹಿತ್ತಾಳೆ, ಖರ್ಜಕ್ಕೆ ೨೨ರ ಹಿತ್ತಾಳೆ ಇದ್ದವು. ಲೆಕ್ಕದಂತೆ ಜೋಡಿಯ ಒಂದೊಂದು ತಂತಿಯ ಸೆಳೆತ ನಾಲ್ಕೂಕಾಲು ಕಿಲೋಗ್ರಾಂ ಭಾರದಷ್ಟು, ಪಂಚಮದ್ದು ಐದೂವರೆ, ಖರ್ಜದ್ದು ಆರು. ಒಟ್ಟು ಇಪ್ಪತ್ತು ಕಿಲೋ. ದಂಡಿಯ ತುದಿಗೂ ಬುರುಡೆಗೂ ನಡುವೆ ಇಪ್ಪತ್ತು ಕಿಲೋ ಭಾರದ ಎಳೆತ ಎಡೆಬಿಡದೆ ಇತ್ತೆಂದಾಯಿತು. ದಂಡಿ ಅದನ್ನು ಒಂದು ತಲೆಮಾರು ಪೂರ್ತಿ ಸದ್ದಿಲ್ಲದೆ ಹೊತ್ತಿತು.

ಮೊಮ್ಮಗನ ಕಾಲಕ್ಕೆ ಕರಿ ಎರಡಕ್ಕೆ ಏರಿಸಿದರು. ಹಾರ್ಮೋನಿಯಂನ ಮೇಲೆ ಇದು ಎರಡೇ ಮನೆಯ ಅಂತರ. ಸ್ವರ ನೂರಕ್ಕೆ ಹನ್ನೆರಡರಷ್ಟು ಏರಿತು. ಸೆಳೆತ ನೂರಕ್ಕೆ ಇಪ್ಪತ್ತಾರರಷ್ಟು ಏರಿತು. ಇಪ್ಪತ್ತು ಕಿಲೋ ಇದ್ದದ್ದು ಇಪ್ಪತ್ತೈದಾಯಿತು. ಇಷ್ಟರಲ್ಲೇ ನಿಂತಿದ್ದರೆ ದಂಡಿ ಬಹುಶಃ ತಾಳಿಕೊಳ್ಳುತ್ತಿತ್ತು. ಆದರೆ ಅದರ ಮೇಲೆ ದಪ್ಪ ತಂತಿಗಳು ಬಂದವು. ಜೋಡಿಗೆ ೩೦ರ ಬದಲು ೨೮, ಪಂಚಮಕ್ಕೆ ೨೬ರ ಬದಲು ೨೪, ಖರ್ಜಕ್ಕೆ ೨೨ರ ಬದಲು ೨೦. ಪ್ರತಿಯೊಂದರಲ್ಲೂ ಎರಡೇ ನಂಬರಿನ ವ್ಯತ್ಯಾಸ. ಈಗ ಮತ್ತೆ ಕೂಡಿಸಿ ನೋಡಿದರೆ ಮೂವತ್ತೆಂಟು ಕಿಲೋ! ಹೆಚ್ಚುಕಡಿಮೆ ಮೊದಲಿನ ಎರಡರಷ್ಟು. ಒಂದು ಎತ್ತಿನ ಹೇರನ್ನು ಎರಡು ಮಾಡಿ, ಎತ್ತು ಮಾತ್ರ ಅದೇ ಮುದಿ ಎತ್ತಾದರೆ ಆಗುವುದೇನು? ಅದೇ ಆಯಿತು.

ಇನ್ನು ಎಳೆತದಿಂದ ದಂಡಿ ಬಾಗುವುದು ಹೇಗೆ? ಹಿತ್ತಲಲ್ಲಿ ಎರಡು ಗೂಟ ನೆಟ್ಟು ಬಟ್ಟೆ ಒಣಹಾಕಲು ಹಗ್ಗ ಕಟ್ಟಿದ್ದೀರಿ. ಹಗ್ಗವನ್ನು ಜಗ್ಗಿ ಬಿಗಿದಷ್ಟೂ ಗೂಟಗಳು ಒಂದರ ಕಡೆಗೊಂದು ವಾಲುತ್ತವೆ. ಹಗ್ಗ ಗೂಟದ ಬುಡದಲ್ಲಿಲ್ಲದೆ ಮೇಲೆ ಇರುವುದೇ ಅದಕ್ಕೆ ಕಾರಣ. ತಂಬೂರಿಯ ತಂತಿಯೂ ದಂಡಿಯ ಒಳನಡುವೆ ಹಾಯದೆ ಅದರ ಮುಂದೆ, ಕೆಲವು ಬೆರಳು ಮೇಲೆ ಹಾಯ್ದುಹೋಗುತ್ತದೆ. ಆದುದರಿಂದ ಅದು ದಂಡಿಯನ್ನು ಅದುಮುವುದಷ್ಟೇ ಅಲ್ಲ, ಬಿಲ್ಲಿನಂತೆ ಮುಂದಕ್ಕೆ ಬಾಗಿಸುತ್ತದೆ. ಬಿಲ್ಲು ಬಾಗಿದಾಗ ಹೆದೆಯ ಕಡೆಯ ಮೈ ಒತ್ತಿಕೊಳ್ಳುತ್ತದೆ, ಹಿಂದಿನ ಮೈ ಹಿಗ್ಗುತ್ತದೆ. ಕುದುರೆಯ ಕಡೆ ಬಂದಂತೆ ತಂತಿ ದಂಡಿಯಿಂದ ಹೆಚ್ಚು ಎತ್ತರದಲ್ಲಿರುವುದರಿಂದ ಬಾಗಿಸುವ ಬಲವೂ ಅಲ್ಲಿ ಹೆಚ್ಚು. ಅದೇ ಜಾಗದಲ್ಲಿ ಅಂಟಿನ ಕೂಡುವಿಕೆಯೂ ಇದೆ. ಬಿರುಕು ಕತ್ತಿನ ಹಿಂಬದಿಯಲ್ಲೇ ಕಾಣಿಸಿಕೊಂಡದ್ದು ಇದರಿಂದ.

ಮರಕ್ಕೆ ಇನ್ನೊಂದು ಗುಣವಿದೆ. ಭಾರ ಇಟ್ಟೊಡನೆ ಒಂದಿಷ್ಟು ಬಾಗಿ, ತೆಗೆದೊಡನೆ ನೆಟ್ಟಗಾಗುವುದು ಒಂದು ಬಗೆ. ಭಾರವನ್ನು ವರ್ಷಗಟ್ಟಲೆ ಇಟ್ಟರೆ ಮರ ಆ ಬಾಗನ್ನೇ ತನ್ನ ಸ್ವಭಾವ ಮಾಡಿಕೊಳ್ಳುವುದು ಇನ್ನೊಂದು ಬಗೆ. ನಮ್ಮ ವಿಜಯಪುರ ಜಿಲ್ಲೆಯ ಮೇಲ್ಮುದ್ದಿ ಮನೆಗಳಲ್ಲಿ ಇದನ್ನು ಯಾರೂ ನೋಡಬಹುದು. ಮಾಳಿಗೆಯ ಮಣ್ಣನ್ನು ಹೊತ್ತ ತೊಲೆ ಮೊದಲ ದಿನ ನೆಟ್ಟಗಿರುತ್ತದೆ. ಮೊಮ್ಮಕ್ಕಳ ಕಾಲಕ್ಕೆ ನಡು ಇಳಿದಿರುತ್ತದೆ. ಮಣ್ಣು ತೆಗೆದರೂ ಮತ್ತೆ ನೆಟ್ಟಗಾಗುವುದಿಲ್ಲ. ಮರವು ಮಳೆಗಾಲದಲ್ಲಿ ತೇವ ಹೀರಿ, ಬೇಸಿಗೆಯಲ್ಲಿ ಒಣಗಿ, ಹೀಗೆ ಹಿಗ್ಗಿ ಕುಗ್ಗುತ್ತಿರುವಾಗ ಭಾರವಿದ್ದರೆ ಈ ಇಳಿತ ಇನ್ನೂ ಬೇಗನೆ ಆಗುತ್ತದೆ. ಭೀಮಾ ದಂಡೆಯ ಊರುಗಳ ಬೇಸಿಗೆ ಎಂಥದೆಂದು ಅಲ್ಲಿಯವರಿಗೆ ಹೇಳಬೇಕಾಗಿಲ್ಲ. ಎರಡು ಬೇಸಿಗೆಯಲ್ಲಿ ದಂಡಿ ಬಾಗಿದ್ದು ಆಶ್ಚರ್ಯವಲ್ಲ.

ಹಾಗಾದರೆ ಹೆಚ್ಚು ಸೆಳೆತದ ವಾದ್ಯಗಳೇ ಇಲ್ಲವೆ ಎಂದು ನೀವು ಕೇಳಬಹುದು. ಇವೆ. ಮದುವೆಯ ಮನೆಗಳಲ್ಲಿ ಆರ್ಕೆಸ್ಟ್ರಾದವರ ಕೈಯಲ್ಲಿ ನಾಲ್ಕು ದಪ್ಪ ತಂತಿಗಳ ಒಂದು ಗಿಟಾರು ನೋಡಿರಬಹುದು. ಅದು ಬಾಸ್ ಗಿಟಾರು. ಅಮೇರಿಕೆಯ ಕ್ಯಾಲಿಫೋರ್ನಿಯಾದಲ್ಲಿ ಲಿಯೋ ಫೆಂಡರ್ ಎಂಬವರು ೧೯೫೧ರಲ್ಲಿ ಮಾರುಕಟ್ಟೆಗೆ ತಂದ ಮಾದರಿಯಿಂದ ಅದು ಲೋಕಪ್ರಿಯವಾಯಿತು. ಅದರ ತಂತಿಯ ಉದ್ದ ಸಾಮಾನ್ಯವಾಗಿ ೩೪ ಅಂಗುಲ, ಎಂದರೆ ನಮ್ಮ ತಂಬೂರಿಗಿಂತ ಒಂದಿಷ್ಟು ಗಿಡ್ಡ. ಆದರೆ ಅದರ ಅತಿ ತಗ್ಗಿನ ಸ್ವರ ಸೆಕೆಂಡಿಗೆ ೪೧ ಕಂಪನದ್ದು, ನಮ್ಮ ಖರ್ಜಕ್ಕಿಂತಲೂ ಕೆಳಗಿನದು. ಗಿಡ್ಡ ತಂತಿಯಲ್ಲಿ ತಗ್ಗಿನ ಸ್ವರ ಹೊರಡಬೇಕಾದರೆ ತಂತಿ ಭಾರವಾಗಿರಲೇಬೇಕು. ಅದಕ್ಕಾಗಿ ಉಕ್ಕಿನ ಎಳೆಯ ಸುತ್ತ ಇನ್ನೊಂದು ತಂತಿಯನ್ನು ಒತ್ತಾಗಿ ಸುತ್ತಿ ಭಾರ ಹೆಚ್ಚಿಸಿರುತ್ತಾರೆ. ಇಂಥ ನಾಲ್ಕು ತಂತಿಗಳು ಕೂಡಿ ಮುಕ್ಕಾಲು ಕ್ವಿಂಟಲಿನ ಆಸುಪಾಸು ಎಳೆಯುತ್ತವೆ. ಬರಿಯ ಮರ ಅದನ್ನು ತಾಳಲಾರದೆಂದು ಅದರ ಕತ್ತಿನೊಳಗೆ ಉದ್ದಕ್ಕೂ ಒಂದು ಉಕ್ಕಿನ ಸಲಾಕೆ ಹುದುಗಿಸಿರುತ್ತಾರೆ. ತುದಿಯಲ್ಲಿರುವ ತಿರುಪನ್ನು ಬಿಗಿದರೆ ಸಲಾಕೆ ಕತ್ತನ್ನು ಹಿಂದಕ್ಕೆ ಒತ್ತಿ, ತಂತಿಯ ಎಳೆತಕ್ಕೆ ಸಮನಾಗಿ ನಿಲ್ಲುತ್ತದೆ. ದಪ್ಪ ತಂತಿ ಹಾಕಿದವನು ತಿರುಪನ್ನು ಒಂದಿಷ್ಟು ಬಿಗಿಯುತ್ತಾನೆ. ತೆಳು ತಂತಿ ಹಾಕಿದರೆ ಸಡಿಲಿಸುತ್ತಾನೆ.

ನಮ್ಮ ತಂಬೂರಿಗೆ ಈ ಸಲಾಕೆಯೂ ಇಲ್ಲ, ತಿರುಪೂ ಇಲ್ಲ. ಇದು ಕೊರತೆಯಲ್ಲ, ತಗ್ಗಿದ ಸೆಳೆತದಲ್ಲಿ ತೆಳು ತಂತಿಯಿಂದ ದೊಡ್ಡ ನಾದ ಹೊರಡಿಸುವುದೇ ಈ ವಾದ್ಯದ ಜಾಣತನ. ಆದರೆ ಇದರಿಂದ ಒಂದು ಮಾತು ಸಿದ್ಧವಾಗುತ್ತದೆ. ತಂಬೂರಿಯ ದಂಡಿಯ ಮೇಲಿನ ಹೊರೆಯನ್ನು ಹೆಚ್ಚು ಕಡಿಮೆ ಮಾಡಲು ನಮ್ಮ ಕೈಯಲ್ಲಿರುವ ಸಾಧನ ತಂತಿಯ ಆಯ್ಕೆ ಒಂದೇ.

ದೊಡ್ಡ ನಾದವೆಂದೆನಷ್ಟೆ. ಅದು ಬರುವುದು ತಂತಿಯ ದಪ್ಪದಿಂದಲ್ಲ, ಕುದುರೆಯಿಂದ. ತಂಬೂರಿಯ ಕುದುರೆಯ ಬೆನ್ನು ಚೂಪಾಗಿರದೆ, ಅಗಲವಾಗಿ, ಮೆಲ್ಲನೆ ಇಳಿಜಾರಾಗಿರುತ್ತದೆ. ಮಿಡಿದ ತಂತಿ ಆ ಇಳಿಜಾರನ್ನು ಸವರುತ್ತ, ಬಿಡುತ್ತ ನಡುಗುತ್ತದೆ. ತಂತಿಯ ಕೆಳಗೆ ಸೇರಿಸಿದ ನೂಲಿನ ಎಳೆ ಈ ಸವರುವಿಕೆಯನ್ನು ಹದಗೊಳಿಸುತ್ತದೆ. ಇದೇ ಜೀವಾಳ, ಉತ್ತರಾದಿಯವರ ಜವಾರಿ. (ನಮ್ಮ ಕಡೆ ಜವಾರಿ ಎಂದರೆ ನಾಟಿ ಕಾಳು, ನಾಟಿ ಕೋಳಿ ನೆನಪಾಗುವುದು ಸಹಜ, ಇದು ಬೇರೆಯ ಜವಾರಿ.) ಸರ್ ಸಿ. ವಿ. ರಾಮನ್ ಅವರು ೧೯೨೧ರ ಸುಮಾರಿನಲ್ಲಿ ತಂಬೂರಿ ಮತ್ತು ವೀಣೆಗಳ ಈ ಕುದುರೆಯನ್ನೇ ಪರೀಕ್ಷಿಸಿ, ಸಾಮಾನ್ಯ ನಿಯಮದಂತೆ ಕೇಳಬಾರದ ಉಪಸ್ವರಗಳೂ ಈ ವಾದ್ಯಗಳಲ್ಲಿ ಸ್ಪಷ್ಟವಾಗಿ ಕೇಳುತ್ತವೆಂದು ತೋರಿಸಿದರು. ಬೆಂಗಳೂರಿಗೆ ಅವರು ಬಂದದ್ದು ಆಮೇಲೆ, ೧೯೩೩ರಲ್ಲಿ.

ತಂತಿ ಕುದುರೆಯ ಇಳಿಜಾರನ್ನು ಸವರಬೇಕಾದರೆ ಅದು ಹಾಯುವ ಕೋನ ಕರಾರುವಾಕ್ಕಾಗಿರಬೇಕು. ದಂಡಿ ಮುಂದಕ್ಕೆ ಬಾಗಿದರೆ ತಂತಿಯ ಮೇಲಿನ ತುದಿ ಎತ್ತಿಕೊಳ್ಳುತ್ತದೆ. ಸೆಳೆತ ಹೆಚ್ಚಾದಾಗ ಕುದುರೆಯ ಮೇಲಿನ ಒತ್ತಡವೂ ಹೆಚ್ಚಿ ತಬಲಿ ಕುಸಿಯುತ್ತದೆ. ಕುದುರೆಯೂ ಅದರೊಡನೆ ಇಳಿಯುತ್ತದೆ. ಎರಡರಿಂದಲೂ ಒಂದೇ ಫಲ. ತಂತಿ ಇಳಿಜಾರಿನಿಂದ ಮೇಲೆದ್ದು, ಕುದುರೆಯ ಒಂದು ಅಂಚಿನಲ್ಲಷ್ಟೇ ಕೂರುತ್ತದೆ. ಸವರುವಿಕೆ ಇಲ್ಲವಾಯಿತೆಂದರೆ ಝೇಂಕಾರವೂ ಇಲ್ಲ. ಯಂಕಂಚಿಯ ತಂಬೂರಿ ಮರದ ಸದ್ದು ಮಾಡುತ್ತಿದ್ದುದು ಹೀಗೆ. ದೊಡ್ಡ ದನಿಗಾಗಿ ಹಾಕಿದ ತಂತಿಯೇ ದನಿಯನ್ನು ಕೊಂದಿತು.

ಇನ್ನು ಉಳಿದದ್ದು ಒಗಟಿನ ತಿರುಳು. ದಪ್ಪ ತಂತಿಯಾದರೂ ಏಕೆ ಹರಿಯಬೇಕು? ದಪ್ಪನೆಯದು ಗಟ್ಟಿ ಎಂದಲ್ಲವೆ ನಾವೆಲ್ಲರೂ ತಿಳಿದಿರುವುದು?

ಬಾವಿಯ ಹಗ್ಗದ ಮಟ್ಟಿಗೆ ಅದು ನಿಜ. ಕೊಡ ಒಂದೇ ಆಗಿರುವಾಗ ದಪ್ಪ ಹಗ್ಗ ಹೆಚ್ಚು ದಿನ ಬಾಳುತ್ತದೆ. ತಂಬೂರಿಯಲ್ಲಿ ಮಾತ್ರ ಕೊಡ ಒಂದೇ ಆಗಿರುವುದಿಲ್ಲ. ತಂತಿ ಎರಡರಷ್ಟು ದಪ್ಪವಾದಾಗ ಅದರ ಬಲವೂ ನಾಲ್ಕರಷ್ಟಾಯಿತು. ಆದರೆ ಅದೇ ಸ್ವರಕ್ಕೆ ತರಲು ಸೆಳೆತವನ್ನೂ ನಾಲ್ಕರಷ್ಟು ಮಾಡಬೇಕಾಯಿತು. ಹತ್ತಾಳಿನ ಕೆಲಸಕ್ಕೆ ಹತ್ತಾಳು, ನಲವತ್ತಾಳಿನ ಕೆಲಸಕ್ಕೆ ನಲವತ್ತಾಳು. ಒಬ್ಬೊಬ್ಬನ ದಣಿವು ಅಷ್ಟಕ್ಕಷ್ಟೆ. ಆದುದರಿಂದ ತಂತಿ ಹರಿಯುವುದೂ ಉಳಿಯುವುದೂ ಅದರ ದಪ್ಪವನ್ನು ಅವಲಂಬಿಸಿಲ್ಲ. ವಾದ್ಯದ ಉದ್ದ, ಏರಿಸಿದ ಸ್ವರ, ತಂತಿಯ ಲೋಹ, ಇವು ಮೂರನ್ನೇ ಅವಲಂಬಿಸಿದೆ. ಇದು ಎಷ್ಟು ವಿಚಿತ್ರವಾಗಿ ತೋರಿದರೂ ನಿಜ.

ಹಿತ್ತಾಳೆಗೂ ಉಕ್ಕಿಗೂ ತೂಕದಲ್ಲಿ ಹೆಚ್ಚು ಅಂತರವಿಲ್ಲ. ಬಲದಲ್ಲಿ ಮಾತ್ರ ವಾದ್ಯದ ಉಕ್ಕಿನ ತಂತಿ ಹಿತ್ತಾಳೆಗಿಂತ ಹಲವು ಪಟ್ಟು ಮೇಲು. ಖರ್ಜ ತಗ್ಗಿನ ಸ್ವರವಾದ್ದರಿಂದ ಹಿತ್ತಾಳೆ ಅಲ್ಲಿ ಆರಾಮವಾಗಿರುತ್ತದೆ. ಜೋಡಿ ಏರಿನ ಸ್ವರವಾದ್ದರಿಂದ ಅಲ್ಲಿ ಉಕ್ಕೇ ಬೇಕು. ಪಂಚಮ ನಡುವಿನದು. ಕರಿ ಒಂದರಲ್ಲಿ ಹಿತ್ತಾಳೆ ತಾಳಿಕೊಂಡಿತ್ತು. ಎರಡು ಮನೆ ಏರಿಸಿದಾಗ ಅದು ತನ್ನ ಮಿತಿಯ ಸಮೀಪಕ್ಕೆ ಬಂದಿತು. ಬಿರಡೆಯ ಸುತ್ತಿನಲ್ಲಿಯೋ ಕುದುರೆಯ ಅಂಚಿನಲ್ಲಿಯೋ ಸಣ್ಣದೊಂದು ಗೀರಿದ್ದರೂ ಸಾಕು, ಹರಿಯಿತು. ಅಲ್ಲಿ ೨೬ರ ಬದಲು ೨೪ನ್ನಲ್ಲ, ೧೬ನ್ನು ಹಾಕಿದರೂ ಅದೇ ಗತಿ.

ಆ ತಂಬೂರಿಯನ್ನು ಅಥಣಿಯ ಮಾರ್ಗವಾಗಿ ಮಿರಜಕ್ಕೆ ಒಯ್ದರು. ನಾನೂ ಜೊತೆಗೆ ಹೋಗಿದ್ದೆ. ಮಿರಜ ಇಂದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿದ್ದರೂ ನಮ್ಮ ಸಂಗೀತಕ್ಕೆ ಅದು ಹೊರಗಿನ ಊರಲ್ಲ. ಉಸ್ತಾದ್ ಅಬ್ದುಲ್ ಕರೀಮ್ ಖಾನರು ನೆಲೆಸಿದ ಊರು ಅದು. ೧೯೩೭ರಲ್ಲಿ ತೀರಿಕೊಂಡ ಆ ಉಸ್ತಾದರ ಶಿಷ್ಯರೇ ಕುಂದಗೋಳದ ಸವಾಯಿ ಗಂಧರ್ವರು. ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ವಾದ್ಯದ ಕಸುಬಿಗೆ ಇಳಿದರು. ಅವರು ಬಳಸುವ ದೊಡ್ಡ ಸೋರೆ ಬುರುಡೆಗಳು ಬೆಳೆಯುವುದು ಪಂಢರಪುರ, ಮಂಗಳವೇಢೆಗಳ ಕಡೆ, ನಮ್ಮ ಭೀಮೆಯ ಸೀಮೆಯಲ್ಲೇ. ಮಿರಜದ ತಂಬೂರಿಗೂ ಸಿತಾರಿಗೂ ೨೦೨೪ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ.

ವಾದ್ಯವನ್ನು ಕೈಗೆ ತೆಗೆದುಕೊಂಡ ಕಸುಬುದಾರರು ಮೊದಲು ಮಾಡಿದ ಕೆಲಸವೆಂದರೆ ತಂತಿಯನ್ನು ಎರಡು ಬೆರಳಿನ ನಡುವೆ ಹಿಡಿದು ನೋಡಿದ್ದು. ಆಮೇಲೆ ಕನ್ನಡದಲ್ಲೇ ಕೇಳಿದರು: "ಯಜಮಾನ್ರ, ತಂಬೂರಿಗಿ ತಂತಿ ಹಾಕೀರೊ, ಬಾವಿ ಹಗ್ಗಾ ಕಟ್ಟೀರೊ?"

ಅವರು ತಂತಿಗಳನ್ನು ಬಿಚ್ಚಿ ದಂಡಿಗೆ ವಿಶ್ರಾಂತಿ ಕೊಟ್ಟರು. ಕತ್ತಿನ ಹಳೆಯ ಅಂಟನ್ನು ತೆಗೆದು ಮತ್ತೆ ಕೂಡಿಸಿದರು. ಕುದುರೆಯ ಬೆನ್ನನ್ನು ಅರದಿಂದ ತಿದ್ದಿ ಜವಾರಿ ತೆರೆದರು. ದಂಡಿಯ ಬಾಗು ಪೂರ್ತಿ ಹೋಗಲಿಲ್ಲ, ಹೋಗುವುದೂ ಇಲ್ಲ. ಕೊನೆಗೆ ತಂತಿ ಹಾಕುವಾಗ ಪಂಚಮಕ್ಕೆ ಹಿತ್ತಾಳೆಯ ಬದಲು ೨೮ರ ಉಕ್ಕು, ಜೋಡಿಗೆ ಹಿಂದಿನಂತೆ ೩೦, ಖರ್ಜಕ್ಕೆ ೨೩ರ ಹಿತ್ತಾಳೆ ಹಾಕಿದರು. ನಾನು ಮನೆಗೆ ಬಂದು ಲೆಕ್ಕ ಹಾಕಿದೆ. ಕರಿ ಎರಡರ ಶ್ರುತಿಯಲ್ಲಿ ಒಟ್ಟು ಸೆಳೆತ ಇಪ್ಪತ್ತೊಂದು ಕಿಲೋ! ಅಜ್ಜನ ಕಾಲದ ಹೊರೆಯೇ, ಮೊಮ್ಮಗನ ಶ್ರುತಿಯಲ್ಲಿ. ಆ ಕಸುಬುದಾರರು ಕಾಗದದ ಮೇಲೆ ಒಂದು ಅಂಕೆಯನ್ನೂ ಬರೆದಿರಲಿಲ್ಲ. ಬೆರಳಿಗೆ ಗೊತ್ತಿತ್ತು.

ನಿಮ್ಮ ಮನೆಯಲ್ಲಿ ತಂಬೂರಿ ಇದ್ದರೆ ಕೆಲವು ಮಾತುಗಳನ್ನು ನೆನಪಿನಲ್ಲಿಡಿ.

ಮೊದಲು ಹಾಡುವವರ ಶ್ರುತಿ ಗೊತ್ತುಮಾಡಿ, ಆಮೇಲೆ ತಂತಿ ಆರಿಸಿ. ಶ್ರುತಿ ಏರಿಸುವುದಾದರೆ ತಂತಿ ತೆಳುವಾಗಬೇಕು. ಇಳಿಸುವುದಾದರೆ ತುಸು ದಪ್ಪವಾಗಬಹುದು. ಜನ ಸಾಮಾನ್ಯವಾಗಿ ಇದರ ತಿರುಗುಮುರುಗು ಮಾಡುತ್ತಾರೆ. ಗಂಡಸರ ತಂಬೂರಿ, ಹೆಂಗಸರ ತಂಬೂರಿ ಎಂದು ಅಂಗಡಿಯಲ್ಲಿ ಹೇಳುವುದೂ ಶ್ರುತಿಯನ್ನು ಕುರಿತೇ ಹೊರತು ಹಾಡುವವರನ್ನು ಕುರಿತಲ್ಲ. ಗಂಗೂಬಾಯಿ ಹಾನಗಲ್ಲರ ಕಂಠ ಗಂಟಲ ಚಿಕಿತ್ಸೆಯ ತರುವಾಯ ತಗ್ಗಿನದಾಯಿತೆಂಬುದು ಸಂಗೀತಪ್ರಿಯರೆಲ್ಲ ಬಲ್ಲ ಸಂಗತಿ. ಕಂಠ ಹೇಗೋ ತಂತಿ ಹಾಗೆ.

ಒಂದೇ ತಂತಿ ಮೇಲಿಂದ ಮೇಲೆ ಹರಿಯುತ್ತಿದ್ದರೆ ದಪ್ಪನೆಯದಕ್ಕೆ ಕೈ ಹಾಕಬೇಡಿ. ಬಿರಡೆಯ ತೂತಿನಲ್ಲಿ, ಮೇಲಿನ ಪಟ್ಟಿಯ ಕಚ್ಚಿನಲ್ಲಿ ಚೂಪು ಅಂಚು ಇದೆಯೇ ನೋಡಿ. ಇಲ್ಲವಾದರೆ ಲೋಹ ಬದಲಿಸಿ.

ನಾಲ್ಕೂ ತಂತಿಗಳನ್ನು ಒಮ್ಮೆಲೇ ಬಿಚ್ಚಬೇಡಿ. ಕುದುರೆ ನಿಂತಿರುವುದು ತಂತಿಗಳ ಒತ್ತಡದಿಂದಲೇ. ಎಲ್ಲವನ್ನೂ ಬಿಚ್ಚಿದರೆ ಅದು ಜಾಗ ತಪ್ಪುತ್ತದೆ. ಒಂದನ್ನು ತೆಗೆದು, ಹೊಸದನ್ನು ಹಾಕಿ, ಆಮೇಲೆ ಇನ್ನೊಂದು.

ಬಹಳ ದಿನ ನುಡಿಸದೆ ಇಡುವಾಗ, ಪ್ರಯಾಣದಲ್ಲಿ ಒಯ್ಯುವಾಗ, ತಂತಿಗಳನ್ನು ಒಂದೆರಡು ಸ್ವರ ಇಳಿಸಿ ಇಡಿ. ಪೂರ್ತಿ ಸಡಿಲಿಸುವುದು ಬೇಡ. ಬಿಸಿಲು ಬೀಳುವ ಕಿಟಕಿಯ ಬಳಿ, ಮಳೆನೀರು ಹನಿಯುವ ಗೋಡೆಗೆ ಆನಿಸಿ ಇಡಬೇಡಿ.

ವರ್ಷಕ್ಕೊಮ್ಮೆ ದಂಡಿಯನ್ನು ಪರೀಕ್ಷಿಸಿ. ದಂಡಿಯ ಮುಂಭಾಗದ ಪಟ್ಟಿಗೆ ತಾಗುವಂತೆ ತುದಿಯಿಂದ ತುದಿಗೆ ಒಂದು ನೂಲನ್ನು ಬಿಗಿಯಾಗಿ ಹಿಡಿದು, ನಡುವೆ ಎಷ್ಟು ಸಂದು ಬಿಟ್ಟಿದೆ ನೋಡಿ. ಅದನ್ನು ಒಂದು ಚೀಟಿಯಲ್ಲಿ ಬರೆದಿಡಿ. ಮುಂದಿನ ವರ್ಷ ಸಂದು ಹೆಚ್ಚಾಗಿದ್ದರೆ ಹೊರೆ ಹೆಚ್ಚಾಗಿದೆಯೆಂದು ತಿಳಿಯಿರಿ. ಇನ್ನೊಂದು ಗುರುತು ಕಿವಿಗೇ ಸಿಗುತ್ತದೆ. ಒಂದು ತಂತಿಯನ್ನು ಬಿಗಿದಾಗ ಉಳಿದ ಮೂರೂ ಗಮನಕ್ಕೆ ಬರುವಷ್ಟು ಇಳಿದುಬಿಟ್ಟರೆ, ದಂಡಿ ಮಣಿಯುತ್ತಿದೆ ಎಂದರ್ಥ.

ಯಂಕಂಚಿಯ ಆ ಮನೆಗೆ ಆಮೇಲೊಮ್ಮೆ ಹೋಗಿದ್ದೆ. ಸಂಜೆಯ ಹೊತ್ತು. ಮೊಮ್ಮಗ ಪಡಸಾಲೆಯಲ್ಲಿ ಕುಳಿತು ಬಿರಡೆ ತಿರುವುತ್ತಿದ್ದ. ಯಜಮಾನರು ಗೋಡೆಗೆ ಒರಗಿ ಕೇಳುತ್ತಿದ್ದರು. ದಂಡಿಯಲ್ಲಿ ಹಳೆಯ ಬಾಗು ಒಂದಿಷ್ಟು ಇದ್ದೇ ಇತ್ತು, ವಯಸ್ಸಾದವರ ಬೆನ್ನಿನಂತೆ. ಜೋಡಿ ಕೂಡಿದೊಡನೆ ನಾದ ಪಡಸಾಲೆಯನ್ನೆಲ್ಲ ತುಂಬಿತು. ಯಜಮಾನರು ನನ್ನ ಕಡೆ ತಿರುಗಿ, "ಅಪ್ಪಾ ಅವರ ಕ್ಯಾಲಿಂದ ದನೀನ ಅದ ನೋಡ್ರಿ," ಎಂದರು.